ಅಪ್ಪ ಕೇಳಿದ ಪ್ರಶ್ನೆಗೆ ಜೆರುಸಲೇಮಿನಿಂದ

ಜೆರುಸಲೇಮ್, ಶನಿವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಬರೆಯಿರಿ. ‘ಯಹೂದಿ, ಕ್ರೈಸ್ತ, ಇಸ್ಲಾಂ ಮೂರು ಧರ್ಮಗಳೂ ಅಲ್ಲೇ ಹುಟ್ಟಿದವಂತೆ, ಯಾವುದರಿಂದ ಯಾವುದು ಬಂತು, ಸರಿಯಾಗಿ ತಿಳಿದು ಬರೆ’ ಎಂದಿದ್ದಿರಿ. ನಿವೃತ್ತರಾದರೂ ಮೇಷ್ಟ್ರು ಮೇಷ್ಟ್ರೇ! ಮೊದಲು ಒಂದು ತಿದ್ದುಪಡಿ: ಮೂರೂ ಇಲ್ಲಿ ಹುಟ್ಟಲಿಲ್ಲ. ಇಸ್ಲಾಂ ಹುಟ್ಟಿದ್ದು ಇಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೆಕ್ಕಾದಲ್ಲಿ.

ನಾನು ನೋಡಿಕೊಳ್ಳುವ ಅಜ್ಜಿ ಯಹೂದಿ. ಶುಕ್ರವಾರ ಸಂಜೆ ಊರಿಗೆಲ್ಲ ಕೇಳುವಂತೆ ಸೈರನ್ ಕೂಗುತ್ತದೆ. ಸೂರ್ಯ ಮುಳುಗಲು ಇನ್ನೂ 40 ನಿಮಿಷ ಇರುವಾಗಲೇ ಅವರು ಎರಡು ಮೇಣದಬತ್ತಿ ಹಚ್ಚಿ, ಬೆಳಕನ್ನು ಅಂಗೈಗಳಿಂದ ತಮ್ಮತ್ತ ಎಳೆದುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಾರೆ. ಥೇಟ್ ನಾವು ಮಂಗಳಾರತಿ ತೆಗೆದುಕೊಂಡ ಹಾಗೆ. ಆಮೇಲೆ ಶನಿವಾರ ಕತ್ತಲಾಗುವವರೆಗೆ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ; ಸ್ವಿಚ್ ಒತ್ತುವಂತಿಲ್ಲ. ಲಿಫ್ಟ್ ತಾನಾಗಿಯೇ ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಗುತ್ತದೆ. ನಮ್ಮ ಆರನೇ ಮಹಡಿ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತದೆ.

ಯಹೂದಿ ಧರ್ಮ ಅಜ್ಜಿ, ಕ್ರೈಸ್ತ ಧರ್ಮ ಮಗಳು, ಇಸ್ಲಾಂ ಮೊಮ್ಮಗಳು ಎಂದುಕೊಂಡೇ ಇಲ್ಲಿಗೆ ಬಂದಿದ್ದೆ. ಯಹೂದಿಗಳ ಪುರಾತನ ದೇವಾಲಯದ ಆವರಣದಲ್ಲಿ ಉಳಿದಿರುವ ಪಶ್ಚಿಮ ಗೋಡೆಯ ದಕ್ಷಿಣ ತುದಿ ನೋಡಿದ ಮೇಲೆ ಆ ಲೆಕ್ಕ ತಪ್ಪೆನಿಸಿತು. ಅಲ್ಲಿ ಎರಡು ಸಾವಿರ ವರ್ಷ ಹಳೆಯ ಬೀದಿಯೊಂದಿದೆ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ನಾಶಮಾಡಿದಾಗ ಮೇಲಿನಿಂದ ಉರುಳಿಸಿದ ಬಂಡೆಗಳು ಬಿದ್ದಲ್ಲೇ ಬಿದ್ದಿವೆ. ಅವು ಬಿದ್ದ ಹೊಡೆತಕ್ಕೆ ಹಾಸುಗಲ್ಲುಗಳು ಕುಸಿದು ಗುಳಿಬಿದ್ದಿವೆ. ಅಲ್ಲಿಯವರೆಗೆ ಬಲಿಪೀಠ ಮತ್ತು ಪುರೋಹಿತರೇ ಆ ಧರ್ಮದ ನಡುಗಂಬ. ದೇವಾಲಯ ಹೋಯಿತು, ಬಲಿಯೂ ನಿಂತಿತು. ಉಳಿದದ್ದು ಗ್ರಂಥ, ಪ್ರಾರ್ಥನೆ, ಮನೆಯ ಊಟದ ಮೇಜು. ಅಷ್ಟನ್ನೇ ಇಟ್ಟುಕೊಂಡು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಮತ್ತೆ ಧರ್ಮ ಕಟ್ಟಿದರು. ನಮ್ಮ ಅಜ್ಜಿಯ ಶುಕ್ರವಾರದ ದೀಪಕ್ಕೆ ವಿಧಿ ಬರೆದವರೂ ಅವರೇ. ಯೇಸು ಹುಟ್ಟಿದ್ದೂ ಸತ್ತದ್ದೂ ಯಹೂದಿಯಾಗಿಯೇ. ಆತನ ಅನುಯಾಯಿಗಳು ಮಾತ್ರ ಆತನೇ ಕೊನೆಯ ಬಲಿ ಎಂದರು. ದೇವಾಲಯ ಬೀಳುವ ಮೊದಲೇ ಅವರಲ್ಲೊಬ್ಬನಾದ ಪೌಲನು ಸುನ್ನತಿಯಾಗದವರಿಗೂ, ಅಂದರೆ ಯಹೂದಿಗಳಲ್ಲದವರಿಗೂ, ಬಾಗಿಲು ತೆರೆದಿದ್ದ. ಹಾಗಾಗಿ ಇವೆರಡು ತಾಯಿ ಮಗಳಲ್ಲ ಅಪ್ಪ, ಸುಟ್ಟ ಮನೆಯೊಂದರಿಂದ ಹೊರಬಿದ್ದು ಬೇರೆ ಬೇರೆ ದಾರಿ ಹಿಡಿದ ಅಕ್ಕತಂಗಿಯರು.

ಇಸ್ಲಾಮಿನದು ಬೇರೆಯೇ ಕಥೆ. ಕ್ರೈಸ್ತರು ನಾಲ್ಕನೇ ಶತಮಾನದ ಆರಂಭದವರೆಗೆ ರೋಮನ್ ಸಾಮ್ರಾಜ್ಯದಲ್ಲಿ ಮಾನ್ಯತೆಯಿಲ್ಲದೆ ಬದುಕಿದರು. ಪ್ರವಾದಿ ಮುಹಮ್ಮದರಾದರೋ 622ರಲ್ಲಿ ಮದೀನಾಕ್ಕೆ ಹೋದವರು ಹತ್ತೇ ವರ್ಷಗಳಲ್ಲಿ ಧರ್ಮದ ಜೊತೆಗೆ ರಾಜ್ಯವನ್ನೂ ಕಟ್ಟಿದರು. ಆದರೂ ಹೊಸದೇನನ್ನೋ ತಂದೆ ಎನ್ನಲಿಲ್ಲ. ಮೂರೂ ಧರ್ಮದವರು ಮೂಲಪುರುಷನೆನ್ನುವ ಇಬ್ರಾಹಿಂ (ಅಬ್ರಹಾಂ) ಯಹೂದಿಯೂ ಅಲ್ಲ, ಕ್ರೈಸ್ತನೂ ಅಲ್ಲ ಎನ್ನುತ್ತದೆ ಕುರಾನ್. ಯಹೂದಿಗಳ ಧರ್ಮಗ್ರಂಥ ತೋರಾಕ್ಕೂ ಹಿಂದಿನ ಮೂಲಕ್ಕೆ ಮರಳುವ ಮಾತು ಅದು. ಮೊದಮೊದಲು ನಮಾಜು ಈ ಊರಿನ ದಿಕ್ಕಿಗೇ ಇತ್ತು, ಆಮೇಲೆ ಮೆಕ್ಕಾದತ್ತ ತಿರುಗಿತು.

ಶಾಸನ ಎಂದರೆ ಊಟ ಬಿಡುವ ನಿಮಗೆ ಇದೊಂದು: ‘ಇಸ್ರೇಲ್’ ಎಂಬ ಹೆಸರು ಮೊದಲು ಸಿಗುವುದು ಕ್ರಿ.ಪೂ. 1208ರ ಸುಮಾರಿನ, ಈಜಿಪ್ಟಿನ ದೊರೆ ಮೆರ್ನೆಪ್ತಾನ ಶಾಸನದಲ್ಲಿ. ಏನೆಂದು? ಇಸ್ರೇಲ್ ಹಾಳಾಯಿತು, ಅದರ ಬೀಜವೂ ಉಳಿದಿಲ್ಲ ಎಂದು!

ಅಕ್ಕತಂಗಿಯರ ನನ್ನ ವಾದವನ್ನು ಅಜ್ಜಿಗೂ ಹೇಳಿದೆ. ‘ನಾವೇ ಮೊದಲು, ಉಳಿದವರದು ಸಾಲ’ ಎಂದರು. ಸೂಪ್ ಆರುತ್ತಿತ್ತು, ನಾನು ವಾದ ಬೆಳೆಸಲಿಲ್ಲ.

ಅಮ್ಮ ಕಳಿಸಿದ ಹಪ್ಪಳ ಪುಡಿಯಾಗಿ ಬಂತು. ಅನ್ನಕ್ಕೆ ಉದುರಿಸಿಕೊಂಡು ತಿನ್ನುತ್ತಿದ್ದೇನೆ.

ನಿಮ್ಮ ಮಗಳು