ಪೆನ್ಸಿಲಿನ ಗುರುತುಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕರ್ತನ ಕೃಪೆ ನಿನ್ನೊಂದಿಗಿರಲಿ. ನೀನು ಹೋಗುತ್ತಿರುವ ಪ್ರಾರ್ಥನಾ ಕೂಟದ ನಾಯಕರು ನಿನ್ನ ಮೇಲೆ ದೇವರ ವಿಶೇಷ ಅಭಿಷೇಕವಿದೆಯೆಂದು ಎಲ್ಲರೆದುರು ಹೇಳಿದ್ದನ್ನೂ, ಮರುವಾರವೇ ಕೂಟದ ಕಾಣಿಕೆಯ ಹಣವನ್ನು ನಿನ್ನ ಬ್ಯಾಂಕ್ ಖಾತೆಯ ಮೂಲಕ ನಡೆಸಲು ಒಪ್ಪಿಗೆ ಕೇಳಿದ್ದನ್ನೂ ನೀನು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ನಾನು ಏನೂ ಹೇಳದೆ ಸುಮ್ಮನಾದದ್ದು ನಿನಗೆ ಬೇಸರ ತಂದಿರಬಹುದು. ಅದಕ್ಕೆ ಕಾರಣವಿದೆ.

ನೀನು ಐದನೆಯ ತರಗತಿಯಲ್ಲಿದ್ದಾಗ, ಕ್ರಿಸ್ಮಸ್ ಮುಗಿದ ವಾರ, ಸಭೆಯ ಪರಿಚಿತರೊಬ್ಬರು ಮನೆಗೆ ಬಂದು, ನನ್ನಂತೆ ಹಾಡುವವರು ಇಡೀ ಗಾಯನ ಮಂಡಳಿಯಲ್ಲೇ ಇಲ್ಲವೆಂದು ಕಾಫಿ ಆರಿಹೋಗುವವರೆಗೆ ಹೊಗಳಿದರು. ಆಮೇಲೆ ಚೀಲದಿಂದ ಸಾಲದ ಜಾಮೀನು ಪತ್ರವನ್ನು ತೆಗೆದರು. ನಾನು ಸಹಿ ಮಾಡಬೇಕಾದ ಕಡೆಗಳಲ್ಲೆಲ್ಲ ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿತ್ತು. ಅದನ್ನು ಕಂಡೂ ಸಹಿ ಹಾಕಿದೆ; ಅಷ್ಟು ಹೊಗಳಿದವರಿಗೆ ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಅವರ ಕಂತುಗಳನ್ನು ಮೂರು ವರ್ಷ ನನ್ನ ಸಂಬಳದಿಂದ ಕಟ್ಟಿದೆವು. ಜಾಮೀನು ನಿಲ್ಲುವುದರ ವಿಷಯದಲ್ಲಿ ಬೈಬಲಿನ ಜ್ಞಾನೋಕ್ತಿಗಳು ಎಷ್ಟು ಸಲ ಎಚ್ಚರಿಸುತ್ತವೆಂಬುದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆಯೇ.

ಬೈಬಲಿನಲ್ಲಿ ದಾನಿಯೇಲನ ಗ್ರಂಥದ 6ನೆಯ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ಸಿಂಹಗಳ ಕಥೆಯಾಗಿ ಕಲಿತಿದ್ದೀಯೆ; ಈಗ ಅದನ್ನೇ ರಾಜನ ಕಡೆಯಿಂದ ಓದಿ ನೋಡು. ಮೂವತ್ತು ದಿನಗಳವರೆಗೆ ರಾಜನನ್ನು ಬಿಟ್ಟು ಬೇರೆ ಯಾವ ದೇವರಿಗಾಗಲಿ ಮನುಷ್ಯನಿಗಾಗಲಿ ಯಾರೂ ಬಿನ್ನಹ ಮಾಡಬಾರದೆಂದು ಅಧಿಕಾರಿಗಳು ಆ ರಾಜ ದಾರ್ಯಾವೆಷನನ್ನು ದೇವರ ಮಟ್ಟಕ್ಕೇರಿಸಿದರು, ಎಲ್ಲರೂ ಕೂಡಿ ಆಲೋಚಿಸಿಯೇ ಬಂದಿದ್ದೇವೆಂದರು, ಒಮ್ಮೆ ಹಾಕಿದರೆ ಅಳಿಸಲಾಗದ ರುಜುವನ್ನು ನಿಂತಲ್ಲೇ ಪಡೆದರು. ಆದರೆ ರಾಜ್ಯದ ಮುಖ್ಯಾಧಿಕಾರಿಗಳೇ ಮೂವರು, ಅವರಲ್ಲೊಬ್ಬನು ದಾನಿಯೇಲ; ಅವನನ್ನು ಯಾರೂ ಕೇಳಿರಲಿಲ್ಲ. ಮೂರರವರೆಗೆ ಎಣಿಸುವ ಬುದ್ಧಿಯನ್ನೂ ಆ ಹೊಗಳಿಕೆ ಅರಸನಿಂದ ಕಸಿದುಕೊಂಡಿತು. ಆಮೇಲೆ, ಎಂದಿನಂತೆ ತನ್ನ ದೇವರಿಗೆ ಪ್ರಾರ್ಥಿಸಿ ಸಿಕ್ಕಿಬಿದ್ದ ದಾನಿಯೇಲನನ್ನು ಸಿಂಹಗಳ ಗವಿಯಿಂದ ಉಳಿಸಲು ಅವನು ಸೂರ್ಯಾಸ್ತಮಾನದವರೆಗೆ ಒದ್ದಾಡಿದರೂ ತನ್ನದೇ ರುಜುವಿನಿಂದ ಬಿಡಿಸಿಕೊಳ್ಳಲಾಗಲಿಲ್ಲ.

ಹೊಗಳಿಕೆಯೆಲ್ಲ ಸುಳ್ಳಾಗಿರುತ್ತದೆಂದು ತಿಳಿಯಬೇಡ. ರೋಮಿನ ಚಕ್ರವರ್ತಿ ಕೈಸರನಿಗೆ ತೆರಿಗೆ ಕೊಡಬಹುದೋ ಬಾರದೋ ಎಂಬ ಪ್ರಶ್ನೆಯನ್ನು ಹೊತ್ತು ಬಂದವರು, ಬೋಧಕನೇ, ನೀನು ಸತ್ಯವಂತನು, ಮುಖದಾಕ್ಷಿಣ್ಯವಿಲ್ಲದವನು ಎಂದು ಯೇಸುವಿಗೆ ಹೇಳಿದರು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೂ ಅದು ಬಲೆಯೇ. ಆತನು ಹೊಗಳಿಕೆಯನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನಾಣ್ಯವನ್ನು ತೋರಿಸಿರಿ ಎಂದನು. ನನ್ನ ಹಾಡಿನ ವಿಷಯದಲ್ಲಿ ಆ ಪರಿಚಿತರು ಹೇಳಿದ್ದೂ ಸ್ವಲ್ಪ ನಿಜವೇ ಆಗಿತ್ತೆಂದು (ಇದನ್ನು ಅಪ್ಪನಿಗೆ ಹೇಳಬೇಡ) ಈಗಲೂ ನನಗನ್ನಿಸುತ್ತದೆ. ನಿನ್ನ ಪ್ರಾರ್ಥನೆಯ ಬಗ್ಗೆ ಆ ನಾಯಕರು ಆಡಿದ ಮಾತೂ ನಿಜವಿರಬಹುದು. ನಾನು ನೋಡುತ್ತಿರುವುದು ಅದರ ಬೆನ್ನಿಗೇ ಬಂದ ಬೇಡಿಕೆಯನ್ನು.

ಅದಕ್ಕಿಂತಲೂ ನನ್ನನ್ನು ಕಾಡಿದ್ದು, ದೇವರೇ ಇದನ್ನು ತೋರಿಸಿದ್ದಾನೆ, ಮನೆಯವರಿಗೆ ಈಗಲೇ ಹೇಳಬೇಡ ಎಂದು ಅವರು ಸೇರಿಸಿದ ಮಾತು. ಕಚೇರಿಯಲ್ಲಿ ಯಾರಾದರೂ ಬೆಣ್ಣೆ ಹಚ್ಚಿದರೆ ನೀನು ನಕ್ಕು ಸುಮ್ಮನಾಗುತ್ತೀಯೆ. ದೇವರ ಹೆಸರು ಸೇರಿದರೆ ಮರುಪ್ರಶ್ನೆ ಕೇಳುವುದೇ ಅವಿಶ್ವಾಸವೆನಿಸಿಬಿಡುತ್ತದೆ. ಎಲ್ಲಾ ಆತ್ಮಗಳನ್ನು ನಂಬದೆ ಪರೀಕ್ಷಿಸಿ ನೋಡಬೇಕೆಂದು ಅಪೊಸ್ತಲ ಯೋಹಾನನು ಬರೆದದ್ದು ವಿಶ್ವಾಸಿಗಳಿಗೇ.

ಆದ್ದರಿಂದ ರಸೀದಿ ಪುಸ್ತಕ ಯಾರ ಬಳಿ ಇರುತ್ತದೆ, ಲೆಕ್ಕವನ್ನು ಯಾರು ನೋಡುತ್ತಾರೆ, ಕೂಟದ ಹೆಸರಿನಲ್ಲೇ ಏಕೆ ಖಾತೆಯಿಲ್ಲ ಎಂದು ಅವರನ್ನು ಮರ್ಯಾದೆಯಿಂದಲೇ ಕೇಳು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಮುಟ್ಟಿಸುವಾಗ ಅಪೊಸ್ತಲ ಪೌಲನು ಸಹ, ಯಾರೂ ತಪ್ಪು ಹೊರಿಸಬಾರದೆಂದು, ಸಭೆಗಳು ಆರಿಸಿದವನನ್ನು ಜೊತೆಗಿಟ್ಟುಕೊಂಡನು. ಹಾಗಿರುವಾಗ ನಿನ್ನ ಪ್ರಶ್ನೆಗೆ ಅವರು ನೊಂದುಕೊಳ್ಳಲು ಕಾರಣವಿಲ್ಲ.

ಉತ್ತರ ಏನೇ ಬರಲಿ, ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡು. ಅಪ್ಪನೂ ಮನೆಯಲ್ಲಿರುತ್ತಾರೆ.

ನಿನ್ನ,
ಅಮ್ಮ