ಮಂಜುಗೊಂದು ಪತ್ರ: ಕಾನ್ಪುರದ ಬೂಟು, ಬಕೆಟ್ಟಿನ ನೀರು

ಪ್ರೀತಿಯ ಮಂಜು,

ಬೂಟು ಸಿಕ್ಕಿತು ಕಣೋ. ಕಂದು ಬಣ್ಣ, ಎಂಟು ನಂಬರು, ನೀನು ಹೇಳಿದ ಹಾಗೇ ಲೇಸ್ ಇಲ್ಲದ್ದು. ಆದರೆ ಎರಡು ದಿನದಿಂದ ನನ್ನ ತಲೆಯಲ್ಲಿ ಬೂಟಿಲ್ಲ, ಒಂದು ಬಕೆಟ್ ನೀರು ಕೂತಿದೆ. ಫೋನಿನಲ್ಲಿ ಹೇಳಿದರೆ ನಡುನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಾನ್ಪುರದ ಕೆಲಸ ಒಂದು ದಿನ ಮೊದಲೇ ಮುಗಿಯಿತು. ಸುಮ್ನೆ ರೂಮಿನಲ್ಲಿ ಕೂರುವುದೇಕೆ ಅಂತ ಜಾಜ್‌ಮವು ಕಡೆ ಹೋದೆ. ಗಂಗೆಯ ದಡದಲ್ಲೇ ಇರುವ ಜಾಗ. ಅಲ್ಲಿ ಸುಮಾರು 400 ಟ್ಯಾನರಿಗಳು, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳು, ಇವೆ ಅನ್ನುವ ಲೆಕ್ಕ. ಆಟೋ ನಿಲ್ಲುವ ಮೊದಲೇ ವಾಸನೆ ಬಂತು. ಸುಣ್ಣ, ಉಪ್ಪು ಸವರಿದ ಹಸಿ ತೊಗಲು, ಜೊತೆಗೆ ಕೊಳೆತ ಮೊಟ್ಟೆ. ತೊಗಲಿನ ಕೂದಲು ಬಿಡಿಸಲು ಸೋಡಿಯಂ ಸಲ್ಫೈಡ್ ಹಾಕುತ್ತಾರೆ, ಮೊಟ್ಟೆ ವಾಸನೆ ಅದರದ್ದು. ಅಷ್ಟರಲ್ಲಿ ಎದುರಿಗೆ ಒಂದು ಗಾಡಿ ಹಾದುಹೋಯಿತು. ಅದರ ತುಂಬ ಒದ್ದೆ ತೊಗಲು, ನೀರು ತೊಟ್ಟಿಕ್ಕುತ್ತಿತ್ತು. ಬಣ್ಣ ತಿಳಿನೀಲಿ! ದನವೋ ಎಮ್ಮೆಯೋ ನೀಲಿ ಇರುತ್ತದಾ? ಆ ನೀಲಿ ಕ್ರೋಮಿಯಂ ಅನ್ನುವ ಲೋಹದ್ದು. ಟ್ಯಾನರಿಯವರ ಬಾಯಲ್ಲಿ ಅದು 'ವೆಟ್ ಬ್ಲೂ'.

ಹಿಂದೆಲ್ಲ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುತ್ತಿದ್ದರು. ವಾರಗಟ್ಟಲೆ ಹಿಡಿಯುತ್ತಿತ್ತು. ಕ್ರೋಮಿಯಂ ಉಪ್ಪು ಹಾಕಿದರೆ ಒಂದು ದಿನದ ಕೆಲಸ, ಚರ್ಮವೂ ಮೆತ್ತಗೆ ಬರುತ್ತದೆ. ಈಗ ಲೋಕದ ಬಹುಪಾಲು ಚರ್ಮ ಹೀಗೇ ಹದವಾಗುವುದು. ಆದರೆ ಡ್ರಮ್ಮಿಗೆ ಸುರಿದದ್ದನ್ನೆಲ್ಲ ತೊಗಲು ಹೀರಿಕೊಳ್ಳುವುದಿಲ್ಲ. ಮಾಮೂಲಿ ವಿಧಾನದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ನೀರಿನಲ್ಲೇ ಉಳಿದು ಮೋರಿ ಸೇರುತ್ತದೆ.

ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಏನಂದರೆ, ಕ್ರೋಮಿಯಮ್ಮಿನಲ್ಲಿ ಎರಡು ಜಾತಿ ಇದೆ, ಮೂರರದ್ದು ಮತ್ತು ಆರರದ್ದು. ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಅನ್ನುವ ಲೆಕ್ಕ ಅದು. ಟ್ಯಾನರಿಯವರು ಬಳಸುವುದು ಮೂರರ ಕ್ರೋಮಿಯಂ. ಅದು ಸೋಮಾರಿ, ಹೆಚ್ಚಾಗಿ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಆರರದ್ದು ಹಾಗಲ್ಲ. ಸಕ್ಕರೆಯಂತೆ ಕರಗಿ, ನೀರು ಹೋದ ಕಡೆಗೆಲ್ಲ ಹೋಗುತ್ತದೆ. ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಯಲ್ಲಿರುವುದೂ ಇದೇ. ಆದರೆ ಇಲ್ಲಿ ನೆಲದಡಿಯ ನೀರಿನಲ್ಲಿ ಸಿಕ್ಕಿರುವುದು ಆರರದ್ದು. ಅದು ಬಂದದ್ದು ಎಲ್ಲಿಂದ? ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೆ ಮೂರರದ್ದು ಸ್ವಲ್ಪ ಆರಾಗುವುದುಂಟು. ಆದರೆ ಇಲ್ಲಿನ ದೊಡ್ಡ ಪಾಲು ಬಂದದ್ದು ಟ್ಯಾನರಿಗೆ ಉಪ್ಪು ಮಾಡಿಕೊಡುವ ಕಾರ್ಖಾನೆಗಳಿಂದ. ಕ್ರೋಮೈಟ್ ಅದಿರನ್ನು ಸೋಡಾ ಬೂದಿ ಜೊತೆ ಹುರಿದು ಆ ಉಪ್ಪು ತೆಗೆಯುತ್ತಾರೆ. ಉಳಿದ ಚರಟದಲ್ಲಿ ಆರರ ಕ್ರೋಮಿಯಂ ಇನ್ನೂ ಇರುತ್ತದೆ. ಅದನ್ನು ಬಯಲಿಗೆ ಸುರಿದರೆ ಮುಗಿಯಿತು, ಪ್ರತಿ ಮಳೆಗಾಲವೂ ಅದನ್ನು ಕಾಫಿ ಡಿಕಾಕ್ಷನ್ನಿನಂತೆ ಸೋಸಿ ಕೆಳಕ್ಕೆ ಇಳಿಸುತ್ತದೆ. ಪಕ್ಕದ ಕಾನ್ಪುರ ದೇಹಾತ್ ಜಿಲ್ಲೆಯ ರನಿಯಾದಲ್ಲಿ 1976ರಿಂದ ಇಂಥ ಗುಡ್ಡೆಗಳು ಬಿದ್ದಿದ್ದವು. ಕಾನ್ಪುರದೊಳಗೇ ನೌರಯ್ಯಾಖೇಡಾ ಅಂತ ಸುಮಾರು 30,000 ಜನರ ಬಡಾವಣೆ ಇದೆ, ಅಲ್ಲೂ ಒಂದು ಕಾಲದಲ್ಲಿ ಈ ಉಪ್ಪಿನ ಕಾರ್ಖಾನೆ ಇತ್ತು. 1997ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಾನ್ಪುರದ ಅಂತರ್ಜಲ ಪರೀಕ್ಷೆ ಮಾಡಿದಾಗ ಲೀಟರಿಗೆ 6.2 ಮಿಲಿಗ್ರಾಂ ಆರರ ಕ್ರೋಮಿಯಂ ಸಿಕ್ಕಿತ್ತು. ಇರಬಹುದಾದ ಮಿತಿ 0.05. ಭಾಗಿಸಿ ನೋಡು, 124 ಪಟ್ಟು.

ಈಗ ಬಕೆಟ್ಟಿಗೆ ಬರುತ್ತೇನೆ. ಒಂದು ಗಲ್ಲಿಯಲ್ಲಿ ಕೈಕಾಲು ತೊಳೆಯಲು ನೀರು ಕೇಳಿದೆ. ಮನೆಯಾಕೆ ಕೈಪಂಪು ಒತ್ತಿ ಬಿಳಿ ಪ್ಲಾಸ್ಟಿಕ್ ಬಕೆಟ್ ತುಂಬಿಸಿದರು. ಪಂಪಿನ ಬಾಯಲ್ಲಿ ನೋಡಿದಾಗ ತಿಳಿಯಾಗೇ ಇತ್ತು. ಬಕೆಟ್ಟಿನಲ್ಲಿ ನಿಂತ ಮೇಲೆ ಹಳದಿ ಕಂಡಿತು, ಅರಿಸಿನದ ಬೆರಳು ಅದ್ದಿ ತೆಗೆದ ಹಾಗೆ. ಆರರ ಕ್ರೋಮಿಯಮ್ಮಿನ ಬಣ್ಣ ಅದು. "ಕುಡಿಯಬೇಡಿ, ಪಾತ್ರೆ ತೊಳೆಯಲು ಮಾತ್ರ" ಅಂದರು. ಕುದಿಸಿದರೆ ಆಗಲ್ವಾ ಅಂತ ಕೇಳಿದೆ, ದಡ್ಡನ ಹಾಗೆ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಎಲ್ಲಿಗೆ ಹೋಗಬೇಕು? ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ.

ಹಳದಿ ಕಂಡರೆ ಪುಣ್ಯ ಅನ್ನಬೇಕು ಮಾರಾಯ. ಮಿತಿಯ ಐದು ಪಟ್ಟು, ಹತ್ತು ಪಟ್ಟು ಇದ್ದರೂ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಪಕ್ಕದ ಪಂಪಿನ 'ಒಳ್ಳೇ ನೀರು' ಎಷ್ಟು ಒಳ್ಳೆಯದು ಅಂತ ಲ್ಯಾಬಿಗೆ ಕಳಿಸದೆ ಯಾರೂ ಹೇಳುವಂತಿಲ್ಲ.

ಯಾರೂ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಗಂಗಾ ಮಾಲಿನ್ಯದ ಕೇಸಿನಲ್ಲಿ ಸುಪ್ರೀಂ ಕೋರ್ಟು 1987ರಲ್ಲೇ ಖಡಕ್ಕಾಗಿ ಹೇಳಿತ್ತು: ಕನಿಷ್ಠ ಕೂಲಿ ಕೊಡಲಾಗದ ಕಾರ್ಖಾನೆ ಹೇಗೆ ನಡೆಯಬಾರದೋ, ಕೊಳಕು ನೀರನ್ನು ಮೊದಲ ಹಂತಕ್ಕಾದರೂ ಶುದ್ಧ ಮಾಡಲಾಗದ ಟ್ಯಾನರಿಯೂ ನಡೆಯಬಾರದು ಅಂತ. ಬರೆದವರು ನಮ್ಮವರೇ, ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಆಮೇಲೆ ಜಾಜ್‌ಮವಿನಲ್ಲಿ ದಿನಕ್ಕೆ 3.6 ಕೋಟಿ ಲೀಟರಿನ ಶುದ್ಧೀಕರಣ ಘಟಕವೂ ಬಂತು. ಅದರಲ್ಲಿ 90 ಲಕ್ಷ ಲೀಟರು ಟ್ಯಾನರಿಯದು, ಉಳಿದದ್ದು ಊರಿನ ಒಳಚರಂಡಿಯದು. ಆದರೆ ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅವು ಕೊಳೆ ತಿನ್ನುತ್ತವೆ, ಕ್ರೋಮಿಯಂ ತಿನ್ನುವುದಿಲ್ಲ. ತೊಗಲಿನಿಂದ ಬಂದ ಉಪ್ಪನ್ನೂ ತಿನ್ನುವುದಿಲ್ಲ. ಕ್ರೋಮಿಯಂ ಒಂದಷ್ಟು ಕೆಸರಿನಲ್ಲಿ ಉಳಿಯಿತು, ಇನ್ನಷ್ಟು ನೀರಿನ ಜೊತೆ ಹೊರಟಿತು. ಆ ನೀರನ್ನು ಕೆಳಗಿನ ಹಳ್ಳಿಗಳ ಹೊಲಕ್ಕೆ ಬಿಟ್ಟರು. ಹೊಲದಿಂದ ಮತ್ತೆ ನೆಲದಡಿಗೆ.

ನನಗೆ ಸಿಟ್ಟು ಬಂದದ್ದು ಎಲ್ಲಿ ಅಂದರೆ, ಇಲ್ಲಿ ಬಾಯಿ ಬಿಟ್ಟರೆ ಎಲ್ಲರೂ ಗಂಗೆ ಅನ್ನುತ್ತಾರೆ. ಕುಂಭಮೇಳ ಬಂದರೆ ಟ್ಯಾನರಿಗೆ ಬೀಗ ಹಾಕಿಸುತ್ತಾರೆ, ಸ್ನಾನದ ದಿನ ನದಿ ಚೆನ್ನಾಗಿ ಕಾಣಲಿ ಅಂತ. ಕೂಲಿಯವರು ಅಷ್ಟು ದಿನ ಮನೆಯಲ್ಲಿ. ಕೈಪಂಪಿಗೆ ಯಾವ ಮೇಳವೂ ಇಲ್ಲ. ನದಿಗೆ ಒಂದು ಒಳ್ಳೆ ಪ್ರವಾಹ ಬಂದರೆ ಸ್ವಲ್ಪವಾದರೂ ತೊಳೆದುಕೊಂಡು ಹೋಗುತ್ತದೆ. ನೆಲದಡಿಯ ನೀರು ಸರಿದಾಡುವುದೇ ಕಡಿಮೆ. ಕಾರ್ಖಾನೆ ಮುಚ್ಚಿದರೂ ಅದು ಇದ್ದಲ್ಲೇ ಇರುತ್ತದೆ. ದಾರಿ ಇಲ್ಲ ಅಂತಲ್ಲ. ಕಬ್ಬಿಣದ ಉಪ್ಪನ್ನೋ ಕಾಕಂಬಿಯನ್ನೋ ಬೋರ್ ಮೂಲಕ ಕೆಳಗಿಳಿಸಿದರೆ ಆರರದ್ದು ಮೂರಾಗಿ ಮಣ್ಣು ಹಿಡಿದು ಕೂರುತ್ತದೆ. ಆದರೆ ಮೇಲಿನ ಗುಡ್ಡೆ ಮೊದಲು ಎತ್ತಬೇಕಲ್ಲ! ಅದು ಮಳೆಯಲ್ಲಿ ನೆನೆಯುತ್ತಾ ಇದ್ದರೆ ಎಷ್ಟು ಕಾಕಂಬಿ ಸುರಿದರೇನು?

ಬೂಟು ನಾಳೆ ಕೊರಿಯರ್ ಮಾಡುತ್ತೇನೆ. ವಾಪಸ್ ಕೊಟ್ಟುಬಿಡೋಣ ಅಂತಲೂ ಒಮ್ಮೆ ಅನ್ನಿಸಿತು. ಆದರೆ ನಾನು ಹಾಕಿಕೊಂಡು ಹೋದದ್ದೂ ಚರ್ಮದ ಬೂಟೇ, ಯಾರ ಮುಂದೆ ನಾಟಕ? ಕೈಗೆ ಬಂದಾಗ ಹಿಂಬದಿಯಲ್ಲಿ, ಚರ್ಮ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡು. ಮೇಲೆ ಕಂದು, ಕೆಳಗೆ ಕಂದು, ನಡುವೆ ಕೂದಲೆಳೆಯಷ್ಟು ನೀಲಿ ಗೆರೆ ಇದೆ.

ಹಿಮ್ಮಡಿ ಸ್ವಲ್ಪ ಬಿಗಿ ಅನ್ನಿಸಬಹುದು. ಹಾಕಿ ನೋಡಿ ಹೇಳು.

ನಿನ್ನ,
ಸುರೇಶ