ಅವಿರೋಧ ಆಗಲಿಲ್ಲ, ಅದಕ್ಕೇ ಧನ್ಯವಾದ

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. ನಮ್ಮ ಸಮುದಾಯ ಬಾನುಲಿಯ, ಅಂದರೆ ಊರಿನವರೇ ಸೇರಿ ನಡೆಸುವ ಸಣ್ಣ ಎಫ್‌ಎಂ ರೇಡಿಯೋದ, ಆಡಳಿತ ಮಂಡಳಿ ಚುನಾವಣೆಯಲ್ಲಿ ನಾನು ಸೋತಿದ್ದೇನೆ. ಅಂತರ ದೊಡ್ಡದೇನಲ್ಲ. ಹಾಗಂತ ಮರು ಎಣಿಕೆ ಕೇಳುವಷ್ಟು ಸಣ್ಣದೂ ಅಲ್ಲ. ಗೆದ್ದವರಿಗೆ ಅವತ್ತೇ ಕೈ ಕುಲುಕಿ ಬಂದಿದ್ದೇನೆ. ಅಂಕೋಲೆ ಪೇಟೆಯಲ್ಲಿ ರೇಡಿಯೋ, ಟಿ.ವಿ., ಮಿಕ್ಸರ್ ರಿಪೇರಿ ಮಾಡಿಕೊಂಡಿರುವ ಒಬ್ಬ ಮೆಕ್ಯಾನಿಕ್‌ಗೆ ಇಷ್ಟು ಜನ ಮತ ಹಾಕಿದ್ದೀರಿ. ಹಾಕದವರೂ ಮಳೆ ಬರುವ ಹಾಗಿದ್ದ ಭಾನುವಾರ ಮನೆ ಬಿಟ್ಟು ಸಭೆಗೆ ಬಂದಿದ್ದೀರಿ. ಈ ಬರಹ ನಿಮಗೆಲ್ಲ.

ನಮ್ಮ ಕಡೆ ಸಂಘ ಅಂದ ಮೇಲೆ ಆಯ್ಕೆ ಅವಿರೋಧವಾಗಿಯೇ ಆಗಬೇಕು. ಸಹಕಾರಿ ಸಂಘ, ದೇವಸ್ಥಾನದ ಕಮಿಟಿ, ಯುವಕ ಮಂಡಲ, ಎಲ್ಲ ಕಡೆ ಇದೇ ಪದ್ಧತಿ. ನಾಲ್ಕು ಜನ ಹಿರಿಯರು ಯಾರದೋ ಜಗಲಿಯಲ್ಲಿ ಕೂತು ಮಾತಾಡಿಕೊಳ್ಳುತ್ತಾರೆ. ಚಹಾ ಬರುತ್ತದೆ, ಎಲೆ ಅಡಿಕೆಯ ಕವಳ ಬರುತ್ತದೆ, ಹೆಸರು ನಿಕ್ಕಿಯಾಗುತ್ತದೆ. ವಾರದೊಳಗೆ ಪೇಪರಿನಲ್ಲಿ ಸಾಲಾಗಿ ನಿಂತವರ ಫೋಟೋ. ಇದರಲ್ಲಿ ಕೆಟ್ಟ ಉದ್ದೇಶ ಇದೆ ಅಂತ ನಾನು ಹೇಳುವುದಿಲ್ಲ. ಚುನಾವಣೆ ಅಂದರೆ ಖರ್ಚು, ಮನಸ್ತಾಪ. ಮಾರನೇ ದಿನ ಮೀನು ಪೇಟೆಯಲ್ಲಿ ಮುಖ ಮುಖ ನೋಡಬೇಕಲ್ಲ. ಆದರೆ ಆ ಜಗಲಿಗೆ ಯಾವತ್ತೂ ಕರೆ ಬಾರದವರು ಇರುತ್ತಾರೆ. ಬಾನುಲಿಯನ್ನು ಜಾಸ್ತಿ ಕೇಳುವವರು, ಅದರಲ್ಲಿ ಹಾಡುವವರು, ಮಾತಾಡುವವರು ಹೆಚ್ಚಾಗಿ ಅವರೇ. ನಾನು ಅರ್ಜಿ ಹಾಕಿದ್ದು ಅದಕ್ಕೆ.

ಹಾಗಾಗಿ ಮೊದಲ ಧನ್ಯವಾದ ನನ್ನ ಅರ್ಜಿಗೆ ಸಹಿ ಹಾಕಿದ ಇಬ್ಬರಿಗೆ. ಸೂಚಕರಾಗಿ ಸಹಿ ಮಾಡಿದವರು ನಮ್ಮ ಅಕ್ಕೋರು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ನಿವೃತ್ತರಾಗಿ ವರ್ಷಗಳಾದವು. ಅರ್ಜಿ ಓದಿ, ಅದರಲ್ಲಿದ್ದ ಕಾಗುಣಿತದ ತಪ್ಪಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ನೀಲಿ ಪೆನ್ನಿನಲ್ಲಿ ಸಹಿ ಮಾಡಿದರು. ಅನುಮೋದಕ ಒಬ್ಬ ಟೆಂಪೋ ಡ್ರೈವರ್. ಕುಮಟೆಗೆ ಟೆಂಪೋ ಹೊಡೆಯುವವನು. ಅವನ ಗಾಡಿಯಲ್ಲಿ ಸಿನಿಮಾ ಹಾಡಿಗಿಂತ ನಮ್ಮ ಬಾನುಲಿಯೇ ಜಾಸ್ತಿ. ಗಂಗಾವಳಿ ಸೇತುವೆ ದಾಟಿದ ಮೇಲೆ ಎಲ್ಲಿ ಸಿಗ್ನಲ್ ಕರಕರ ಅನ್ನುತ್ತದೆ, ಎಲ್ಲಿ ಪೂರ್ತಿ ಹೋಗುತ್ತದೆ ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತು.

ಹಿಂತೆಗೆದುಕೊಳ್ಳುವ ಕೊನೇ ದಿನ ಮೂವರು ಹಿರಿಯರು ಅಂಗಡಿಗೆ ಬಂದರು. ‘ತಮ್ಮಾ, ಎಂತಕ್ಕೆ ಸುಮ್ನೆ? ಮುಂದಿನ ಸಲ ನಿನ್ನನ್ನೇ ಮಾಡುವ’ ಅಂದರು. ನಿಜವಾಗಿಯೂ ಪ್ರೀತಿಯಿಂದಲೇ ಹೇಳಿದರು. ನಾನು ‘ಅಡ್ಡಿಲ್ಲ, ಮುಂದಿನ ಸಲವೂ ನಿಲ್ಲುತ್ತೇನೆ, ಈ ಸಲವೂ ನಿಲ್ಲುತ್ತೇನೆ’ ಅಂದೆ. ಅವರು ನಕ್ಕರು. ಮೂವರಲ್ಲಿ ಒಬ್ಬರು ಹೋಗುವಾಗ ಕೆಟ್ಟು ನಿಂತ ಟ್ರಾನ್ಸಿಸ್ಟರನ್ನು ಚೀಲದಿಂದ ತೆಗೆದು ರಿಪೇರಿಗೆ ಕೊಟ್ಟು ಹೋದರು. ಅವರಿಗೂ ಧನ್ಯವಾದ. ಅದು ಸರಿಯಾಗಿದೆ, ಬಂದು ತಗೊಂಡು ಹೋಗಿ.

ಇಂಥ ಚುನಾವಣೆ ಎಲ್ಲಾದರೂ ನಡೆಯುತ್ತದಾ ಅಂತ ಸುಮಾರು ಜನ ಕೇಳಿದಿರಿ. ನಡೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬರ್ಕ್ಲಿ ಎಂಬ ಊರಲ್ಲಿ ಕೆಪಿಎಫ್‌ಎ ಅಂತ ಒಂದು ರೇಡಿಯೋ ಇದೆ. 1949ರಲ್ಲಿ ಶುರುವಾದದ್ದು. ಅದು ಮುಖ್ಯವಾಗಿ ಕೇಳುಗರು ಕೊಡುವ ಹಣದಿಂದ ನಡೆಯುತ್ತದೆ. ಅಲ್ಲಿನ ಸ್ಥಳೀಯ ಮಂಡಳಿಗೆ ಕೇಳುಗ ಸದಸ್ಯರು ಮತ ಹಾಕುತ್ತಾರೆ, ಕೆಲಸ ಮಾಡುವವರೂ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಾರೆ. ಮತಪತ್ರದಲ್ಲಿ 1, 2, 3 ಅಂತ ಬರೆಯಬೇಕು, ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ. ಅಲ್ಲಿ ಜಗಳಕ್ಕೂ ಏನೂ ಕೊರತೆ ಇಲ್ಲ. ಜಗಳ ಆದರೂ ರೇಡಿಯೋ ಇನ್ನೂ ಮಾತಾಡುತ್ತಲೇ ಇದೆ ಅಲ್ವಾ? ನಮ್ಮಲ್ಲಿ ಪರವಾನಗಿ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ. ಸಂಸ್ಥೆಯ ಸದಸ್ಯರು ವಾರ್ಷಿಕ ಸಭೆಯಲ್ಲಿ ಮಂಡಳಿಯನ್ನು ಆರಿಸುತ್ತಾರೆ. ಇಷ್ಟು ವರ್ಷ ಮತ ಹಾಕುವ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ, ಅಷ್ಟೇ.

ಪ್ರಚಾರದ ಮಾತು ಬಂದಾಗ ಒಂದು ತಮಾಷೆಯಾಯಿತು. ಬಾನುಲಿಯ ಚುನಾವಣೆಗೆ ಬಾನುಲಿಯಲ್ಲೇ ಪ್ರಚಾರ ಮಾಡುವ ಹಾಗಿಲ್ಲ ಅಂತ ಮೊದಲೇ ಒಪ್ಪಂದ ಆಗಿತ್ತು. ಸರಿಯಾದ ತೀರ್ಮಾನವೇ. ಅಭ್ಯರ್ಥಿಗಳ ದನಿ ಗಾಳಿಯಲ್ಲಿ ಕೇಳಲೇಬಾರದು ಅಂತ ನನ್ನ ವಾರದ ರಿಪೇರಿ ಕಾರ್ಯಕ್ರಮವನ್ನೂ ನಿಲ್ಲಿಸಿದರು. ಅದನ್ನು ಕಾಲೇಜಿನ ಒಬ್ಬಳು ಹುಡುಗಿ ನಡೆಸಿಕೊಟ್ಟಳು. ಮಳೆಗಾಲದಲ್ಲಿ ಮಿಕ್ಸರ್ ಶಾಕ್ ಹೊಡೆದರೆ ಏನು ಮಾಡಬೇಕು ಅಂತ ಅವಳು ಹೇಳಿದ್ದನ್ನು ಕೇಳಿದೆ. ನನಗಿಂತ ಚೆನ್ನಾಗಿ ಹೇಳಿದಳು. ಇನ್ನು ಮುಂದೆ ಅವಳೇ ಮಾಡಲಿ, ಬೇಕಾದರೆ ನಾನು ಪಕ್ಕದಲ್ಲಿ ಕೂರುತ್ತೇನೆ.

ಗಾಳಿಯಲ್ಲಿ ಆಗದ್ದನ್ನು ಮನೆ ಮನೆಗೆ ಹೋಗಿ ಮಾಡಿದ್ದಾಯಿತು. ನನ್ನ ಬೇಡಿಕೆಗಳಲ್ಲಿ ದೊಡ್ಡದು ಬ್ಯಾಟರಿ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹೆದ್ದಾರಿ ಬಂದಾಯಿತು, ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಬಿತ್ತು, ಹೊಳೆಯ ನೀರು ಆಚೆ ದಡದ ಉಳುವರೆಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ಕರೆಂಟು ಹೋಗುತ್ತದೆ, ಮೊಬೈಲ್ ಟವರ್ ಕೈ ಕೊಡುತ್ತದೆ, ಉಳಿದದ್ದನ್ನು ವಾಟ್ಸಾಪ್‌ನ ಸುಳ್ಳುಗಳು ನೋಡಿಕೊಳ್ಳುತ್ತವೆ. ಸಮುದಾಯ ಬಾನುಲಿ ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಆದರೆ ಹವಾಮಾನ, ಪ್ರಕೃತಿ ವಿಕೋಪ, ನೀರು, ಕರೆಂಟು, ಆರೋಗ್ಯದ ಎಚ್ಚರಿಕೆಗಳನ್ನು ನಿಯಮವೇ ಸುದ್ದಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಹೇಳಲು ನಮಗೆ ಹಕ್ಕಿದೆ. ಹೇಳುವ ಹೊತ್ತಿಗೆ ಟ್ರಾನ್ಸ್‌ಮಿಟರ್ ಚಾಲೂ ಇರಬೇಕು, ಅದೇ ಪ್ರಶ್ನೆ. ನಮ್ಮದೇನು ದೊಡ್ಡ ಯಂತ್ರವಾ? ಪ್ರಸಾರಕ್ಕೆ ಸಾಮಾನ್ಯವಾಗಿ ಇರುವ ಮಿತಿಯೇ 100 ವ್ಯಾಟ್. ಟವರ್ 30 ಮೀಟರಿಗಿಂತ ಎತ್ತರ ಇರಬಾರದು. ಇಷ್ಟಕ್ಕೆ ರಾತ್ರಿಯಿಡೀ ಸಾಲುವ ಬ್ಯಾಟರಿ, ಇನ್ವರ್ಟರ್ ಇಡುವುದು ಆಗದ ಕೆಲಸ ಅಲ್ಲ.

ಇದನ್ನು ಕೇಳಿದವರಲ್ಲಿ ಅಚವೆ, ಹಿಲ್ಲೂರು ಕಡೆಯಿಂದ ಪೇಟೆಗೆ ಬಂದವರೂ ಇದ್ದರು. ‘ಬ್ಯಾಟರಿ ಇಟ್ಟರೆ ನಮಗೂ ಕೇಳ್ತದಾ?’ ಅಂತ ಕೇಳಿದರು. ಕೇಳುವುದಿಲ್ಲ ಅಂತಲೇ ಹೇಳಬೇಕಾಯಿತು. ಎಫ್‌ಎಂ ಅಲೆ ಗುಡ್ಡ ಹತ್ತಿ ಇಳಿಯುವುದಿಲ್ಲ, ಹೆಚ್ಚು ಕಡಿಮೆ ನೇರ ಹೋಗುತ್ತದೆ. ಬಯಲಲ್ಲಾದರೆ ಹತ್ತು ಕಿಲೋಮೀಟರ್ ಸಿಗುತ್ತಿತ್ತು. ಘಟ್ಟದ ಬುಡದಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. ಅದೇ ಸಮುದ್ರದ ಮೇಲೆ ದೋಣಿಯಲ್ಲಿದ್ದವರಿಗೆ ಚೆನ್ನಾಗಿ ಸಿಗುತ್ತದೆ. ಮತ ಹೋದರೂ ಅಡ್ಡಿಲ್ಲ ಅಂತ ಇದ್ದದ್ದನ್ನು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅವರಲ್ಲಿ ಒಬ್ಬರು ಮನೆಯ ಹಲಸಿನ ಹಪ್ಪಳ ಬೇರೆ ಕೊಟ್ಟು ಹೋದರು.

ಎಲ್ಲರಿಗಿಂತ ಗಟ್ಟಿಯಾಗಿ ಪ್ರಶ್ನೆ ಹಾಕಿದವರು ಕೇಣಿ ಕಡೆಯಿಂದ ಬುಟ್ಟಿ ಹೊತ್ತು ಬರುವ ಒಬ್ಬರು ಮೀನಿನ ಅಕ್ಕ. ನನ್ನ ಜೊತೆಗಿದ್ದ ಹುಡುಗರಿಗೆ ಬಂದರಿನ ಮೀನಿನ ದರವನ್ನು ದಿನಾ ಬೆಳಿಗ್ಗೆ ಬಾನುಲಿಯಲ್ಲಿ ಹೇಳಬೇಕು ಅಂತ ಆಸೆ. ಎಲ್ಲರಿಗೂ ಒಳ್ಳೇದು ಅಂತ ಅವರ ವಾದ. ಆ ಅಕ್ಕ ಬುಟ್ಟಿ ಇಳಿಸಿ ಕೇಳಿದರು: ‘ಬಂದರಿನಲ್ಲಿ ಬಂಗಡೆಗೆ ಇಷ್ಟೇ ಅಂತೆ ಹೇಳಿ ಮನೆ ಮನೆಯ ಬಾಯೋರು ನನ್ನ ಹತ್ತಿರ ಚೌಕಾಸಿ ಮಾಡ್ತಾರೆ. ನನ್ನ ಟೆಂಪೋ ಬಾಡಿಗೆ ಯಾರು ಹೇಳ್ತಾರೆ? ಐಸಿನ ದುಡ್ಡು ಯಾರು ಹೇಳ್ತಾರೆ? ಉಳಿದ ಮೀನು ಕೊಳೆತದ್ದು ಯಾರು ಹೇಳ್ತಾರೆ?’ ಹುಡುಗರ ಹತ್ತಿರ ಉತ್ತರ ಇರಲಿಲ್ಲ. ದರದ ಮಾತು ಅಲ್ಲೇ ಬಿತ್ತು. ಯಾವ ಬಂದರಿಗೆ ಎಷ್ಟು ಹೊತ್ತಿಗೆ ದೋಣಿ ಬರುತ್ತದೆ, ಗಾಳಿ ಹೇಗಿದೆ ಅಂತ ಹೇಳಿದರೆ ತನಗೆ ಉಪಯೋಗ ಅಂತ ಅವರೇ ಸೂಚಿಸಿದರು. ಈ ಮಾತನ್ನು ಗೆದ್ದವರಿಗೂ ತಲುಪಿಸಿದ್ದೇನೆ. ಅಕ್ಕಾ, ನೀವು ಸದಸ್ಯರಲ್ಲ, ನಿಮಗೆ ಮತ ಇರಲಿಲ್ಲ. ಆದರೂ ಇಡೀ ಚುನಾವಣೆಯಲ್ಲಿ ನಡೆದ ಒಳ್ಳೆಯ ಚರ್ಚೆ ಅಂದರೆ ನನ್ನ ಪ್ರಕಾರ ಅದೇ.

ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ, ಅಂದರೆ ಕೊಪ್ಪಗಳಲ್ಲಿ, ನನ್ನನ್ನು ಕೂರಿಸಿ ಮಾತಾಡಿಸಿದವರಿಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಹಾಲಕ್ಕಿ ಹಾಡುಗಳ ಗಾಯಕಿ, ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮೊದಲು, ಗಿಡ ನೆಟ್ಟು ಬೆಳೆಸಿ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡ ಅವರೂ ಹೋದರು. ಆಮೇಲೆ ನಮ್ಮ ಕಡೆ ಎಲ್ಲರಿಗೂ ಅಜ್ಜಿಯರ ಹಾಡು ರೆಕಾರ್ಡ್ ಮಾಡುವ ಅವಸರ ಹತ್ತಿದೆ. ಒಳ್ಳೆಯದೇ. ಆದರೆ ಒಂದು ಮನೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ಕೇಳಿದರು: ‘ಹಾಡಿಸ್ಕೊಂಡು ಹೋಗ್ತಾರೆ. ಮತ್ತೆ ನಂಗೇ ಕೇಳುವ ಅಂದ್ರೆ ಎಲ್ಲಿ ಕೇಳುದು?’ ನಾನು ನಿಂತ ಮುಖ್ಯ ವಿಷಯಗಳಲ್ಲಿ ಇದೂ ಒಂದಾಯಿತು. ಯಾರ ಹಾಡು ರೆಕಾರ್ಡ್ ಮಾಡಿದರೂ ಒಂದು ಪ್ರತಿ ಆ ಮನೆಗೆ ಹೋಗಬೇಕು. ಮತ್ತೊಬ್ಬರಿಗೆ ಕೊಡುವಾಗ ಅವರನ್ನು ಕೇಳಬೇಕು. ಒಂದು ಪೆನ್‌ಡ್ರೈವಿನ ಖರ್ಚು. ತೆಲಂಗಾಣದಲ್ಲಿ 2008ರಿಂದ ಸಂಗಂ ರೇಡಿಯೋ ನಡೆಸುತ್ತಿರುವವರು ಹಳ್ಳಿಯ ದಲಿತ ಹೆಂಗಸರು. ಮೈಕೂ ಅವರದ್ದೇ, ಹಾಡೂ ಅವರದ್ದೇ. ನಮ್ಮಲ್ಲಿ ಮೈಕು ಒಬ್ಬರದ್ದು, ಹಾಡು ಇನ್ನೊಬ್ಬರದ್ದು. ಕನಿಷ್ಠ ಪ್ರತಿಯಾದರೂ ಇಬ್ಬರ ಹತ್ತಿರ ಇರಲಿ.

ನನ್ನ ಎದುರು ನಿಂತು ಗೆದ್ದವರ ಬಗ್ಗೆ ಎರಡು ಮಾತು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೆಕ್ಕದಲ್ಲಿ ನನಗಿಂತ ಎಷ್ಟೋ ಮೇಲು. ಜಾಹೀರಾತಿನ ವಿಷಯದಲ್ಲಿ ನಮ್ಮಿಬ್ಬರಿಗೂ ಸರಿ ಹೋಗಲಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಗಂಟೆಗೆ 7 ನಿಮಿಷ ಇದ್ದ ಜಾಹೀರಾತಿನ ಮಿತಿಯನ್ನು 12 ನಿಮಿಷಕ್ಕೆ ಏರಿಸಿದೆ. ದರವನ್ನೂ 10 ಸೆಕೆಂಡಿಗೆ 52 ರೂಪಾಯಿಯಿಂದ 74 ಮಾಡಿದೆ. ಹನ್ನೆರಡು ನಿಮಿಷವನ್ನೂ ತುಂಬಿಸಿದರೆ ಬಾನುಲಿ ತನ್ನ ಕಾಲ ಮೇಲೆ ನಿಲ್ಲುತ್ತದೆ ಅಂತ ಅವರು. ಹನ್ನೆರಡು ನಿಮಿಷ ಬರೀ ಬಂಗಾರದ ಅಂಗಡಿಯ ಹೆಸರು ಕೇಳಿದರೆ ಜನ ಬಟನ್ ತಿರುಗಿಸುತ್ತಾರೆ ಅಂತ ನಾನು. ಸಭೆಯಲ್ಲಿ ಇಬ್ಬರೂ ದನಿ ಏರಿಸಿದೆವು. ನಡುವೆ ಅವರು ನೀರು ಕುಡಿದು, ಅದೇ ಬಾಟಲಿಯನ್ನು ನನಗೆ ಕೊಟ್ಟರು. ನಾನು ಈಗಲೂ ಅವರ ಮಾತು ಒಪ್ಪುವುದಿಲ್ಲ. ಬ್ಯಾಟರಿಗೆ ದುಡ್ಡು ಎಲ್ಲಿಂದ ತರುತ್ತೀ ಅಂತ ಅವರು ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾದದ್ದು.

ಸಭೆಯನ್ನು ನಡೆಸಿಕೊಟ್ಟವರಿಗೆ, ಮತಪತ್ರ ಜೆರಾಕ್ಸ್ ಮಾಡಿಸಿ ತಂದವರಿಗೆ, ಡಬ್ಬಿಗೆ ತನ್ನ ಮಗನ ಶೂ ಪೆಟ್ಟಿಗೆ ಕೊಟ್ಟವರಿಗೆ, ಅವಲಕ್ಕಿ, ಚಹಾ ಮಾಡಿದ ಸ್ವಸಹಾಯ ಸಂಘದವರಿಗೆ ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಅಂಗಡಿ ನೋಡಿಕೊಂಡ ಹೆಂಡತಿಗೆ ಇಲ್ಲಿ ಬೇರೆ ಬರೆಯುವುದಿಲ್ಲ. ಅವಳು ಮತ ಹಾಕಿದ್ದು ನನಗೇನಾ ಅಂತ ಕೇಳಿದರೆ ಗುಪ್ತ ಮತದಾನ ಅನ್ನುತ್ತಾಳೆ.

ಇನ್ನೊಂದು ಸಂಗತಿ. ಹೊಸ ನಿಯಮದ ಪ್ರಕಾರ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಸಲಹಾ ಸಮಿತಿಯಲ್ಲಿ ಕಡಿಮೆಯೆಂದರೂ ಅರ್ಧ ಜನ ಹೆಂಗಸರು ಇರಬೇಕು. ನಮ್ಮ ಸಮಿತಿಯಲ್ಲಿ ಜಾಗ ಖಾಲಿ ಇದೆ. ಮಂಡಳಿಯ ಮೊದಲ ಸಭೆಯಲ್ಲಿ ಹೆಸರು ಕೇಳುತ್ತಾರೆ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಿದ ಅಕ್ಕ ತಂಗಿಯರು, ಯಾರೋ ಬಂದು ಜಗಲಿಗೆ ಕರೆಯಲಿ ಅಂತ ಕಾಯಬೇಡಿ. ಅರ್ಜಿಯ ನಮೂನೆ ನನ್ನ ಅಂಗಡಿಯಲ್ಲಿ ಇಟ್ಟಿದ್ದೇನೆ. ಕಾಗುಣಿತ ನೋಡಿಕೊಡಲು ಅಕ್ಕೋರು ಒಪ್ಪಿದ್ದಾರೆ.

ನಾನು ಸೋತರೂ ಟವರ್ ಕೆಲಸ ನನ್ನದೇ. ಉಪ್ಪು ಗಾಳಿಗೆ ಆಂಟೆನಾ ಕೇಬಲಿನ ಕನೆಕ್ಟರ್ ಹಸಿರುಗಟ್ಟಿದೆ. ಅಲ್ಲಿ ನೀರು ಇಳಿದರೆ ಪವರ್ ವಾಪಸ್ ಹೊಡೆದು ಟ್ರಾನ್ಸ್‌ಮಿಟರ್ ತಾನಾಗಿಯೇ ತನ್ನ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಮಳೆ ಹಿಡಿಯುವ ಮೊದಲು ಅದನ್ನು ಬದಲಿಸಬೇಕು. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಬೇಕು. ಬರುವ ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಶುರು ಮಾಡೋಣ. ಎತ್ತರ ಹತ್ತಲು ಹೆದರದ ಇಬ್ಬರು ಹುಡುಗರು ಬೇಕು. ನನಗೆ ಮತ ಹಾಕಿರಬೇಕು ಅಂತೇನೂ ಇಲ್ಲ.